ಸೀಡ್ ಮನಿಗೆ ಮೂರು ವಿಭಾಗ ಸೇರಿ ಅರ್ಜಿ ಹಾಕಬೇಕಂತೆ, ದುಡ್ಡು ಹಂಚೋದು ಹೇಗೆ?

ಸೊಪ್ಪಿನಬೆಟ್ಟ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆಯ ಒಂದು ವಿವಿಯಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಯಾವುದು ಅಂತ ಹೇಳುವುದಿಲ್ಲ, ಕೇಳಬೇಡಿ. ಈ ವರ್ಷ ನಮ್ಮಲ್ಲಿ ಅಧ್ಯಾಪಕರಿಗೆ ಸೀಡ್ ಮನಿ (ಸಂಶೋಧನೆ ಶುರು ಮಾಡಲು ಕೊಡುವ ಸಣ್ಣ ಮೊತ್ತ) ಕೊಡುತ್ತಿದ್ದಾರೆ, ಆದರೆ ಒಬ್ಬರೇ ಅರ್ಜಿ ಹಾಕುವ ಹಾಗಿಲ್ಲ, ಕನಿಷ್ಠ ಮೂರು ವಿಭಾಗದವರು ಒಟ್ಟಿಗೆ ಬರಬೇಕು. ತಂಡಕ್ಕೆ 3 ಲಕ್ಷ, ಅವಧಿ ಒಂದು ವರ್ಷ.

ನಮ್ಮ ತಂಡದಲ್ಲಿ ಪ್ರಾಣಿಶಾಸ್ತ್ರದ ಮೇಡಂ, ಕಂಪ್ಯೂಟರ್ ಸೈನ್ಸ್‌ನ ಒಬ್ಬರು, ಮತ್ತೆ ನಾನು. ವಿಷಯ ಮಂಗನ ಕಾಯಿಲೆ, ಕಾಡಿನ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಹರಡುವ ವೈರಸ್ ಜ್ವರ. ನಮ್ಮ ಅತ್ತೆ ಮನೆ ಸಾಗರ ತಾಲ್ಲೂಕಿನಲ್ಲಿ. 2018-19ರಲ್ಲಿ ಅರಳಗೋಡು ಸುತ್ತ ಕಾಯಿಲೆ ಜೋರಾದಾಗ ಕಾಡಿಗೆ ದರಗು (ಕೊಟ್ಟಿಗೆಗೆ ಹಾಸುವ ಒಣ ಎಲೆ) ತರಲು ಹೋಗಬೇಡಿ ಅಂತ ಜೀಪಿನ ಮೈಕಿನಲ್ಲಿ ಕೂಗಿಕೊಂಡು ಹೋಗುತ್ತಿದ್ದರು. ಅತ್ತೆ ಅದನ್ನು ಕೇಳಿಸಿಕೊಳ್ಳುತ್ತಲೇ ಬುಟ್ಟಿ ತಲೆ ಮೇಲಿಟ್ಟುಕೊಂಡು ಹೊರಟರು. ಕೇಳಿದ್ದಕ್ಕೆ, 'ಕೊಟ್ಟಿಗೆಗೆ ಮೈಕ್ ಹಾಸೋಕಾಗ್ತದಾ?' ಅಂದರು. ನನ್ನ ತಲೆಯಲ್ಲಿ ಈ ವಿಷಯ ಕೂತಿದ್ದು ಅವತ್ತು.

ಈಗ ಪರಿಸ್ಥಿತಿ ಏನಂದರೆ, ಮೂವರೂ ತಲಾ 1 ಲಕ್ಷ ಅಂತ ಹಂಚಿಕೊಂಡಿದ್ದೇವೆ. ಮೇಡಂಗೆ ಮೈಕ್ರೋಸ್ಕೋಪ್ ಬೇಕು, ಕಂಪ್ಯೂಟರ್ ಸೈನ್ಸ್‌ನವರಿಗೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು, ನನಗೆ ಸರ್ವೆಗೆ ಹುಡುಗರು ಬೇಕು. ಪಿಐ (ಯೋಜನೆಯ ಮುಖ್ಯಸ್ಥರು) ಯಾರು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಅರ್ಜಿಗೆ ಹದಿನೈದು ದಿನ ಇದೆ. ಅನುಭವ ಇದ್ದವರು ಹೇಳಿ.

ಬೀಜದ ಭತ್ತ:
ನಾನು ನಿವೃತ್ತ. ಇಂಥ ಅರ್ಜಿ ನೋಡುವ ಸಮಿತಿಗಳಲ್ಲಿ ಕೂತಿದ್ದೇನೆ. ಮೇಡಂ, ನಾನು ಮೊದಲು ತೆಗೆಯುತ್ತಿದ್ದದ್ದು ಬಜೆಟ್ ಪುಟ. ಅಲ್ಲಿ 1, 1, 1 ಅಂತ ಕಂಡರೆ ಇವರು ತಂಡ ಅಲ್ಲ, ಒಂದೇ ಬಸ್ಸಿನಲ್ಲಿ ಕೂತ ಮೂರು ಜನ, ಒಬ್ಬೊಬ್ಬರು ಒಂದೊಂದು ಸ್ಟಾಪಿನಲ್ಲಿ ಇಳಿಯುತ್ತಾರೆ ಅಂತ ಗೊತ್ತಾಗುತ್ತಿತ್ತು.

3 ಲಕ್ಷದಲ್ಲಿ ಸಂಶೋಧನೆ ಮುಗಿಯುವುದಿಲ್ಲ. ಮುಗಿಸುತ್ತೇವೆ ಅಂತ ಬರೆಯಲೂ ಬೇಡಿ. ಮುಂದೆ ಸಂಶೋಧನೆಗೆ ಹಣ ಕೊಡುವ ಕೇಂದ್ರ ಸಂಸ್ಥೆಗಳಾದ ಎಎನ್‌ಆರ್‌ಎಫ್‌ಗೋ ಐಸಿಎಂಆರ್‌ಗೋ ಐಸಿಎಸ್‌ಎಸ್‌ಆರ್‌ಗೋ ದೊಡ್ಡ ಅರ್ಜಿ ಹಾಕಿದಾಗ ಎರಡು ಪ್ರಶ್ನೆ ಬರುತ್ತವೆ: ನಿಮ್ಮ ಕೈಯಲ್ಲಿ ಈಗ ಏನು ಡೇಟಾ ಇದೆ, ನೀವು ಮೂವರು ಮೊದಲು ಒಟ್ಟಿಗೆ ಕೆಲಸ ಮಾಡಿದ್ದೀರಾ. ಇವೆರಡಕ್ಕೆ ಉತ್ತರ ಸಿಕ್ಕರೆ ಸೀಡ್ ಮನಿ ಕೆಲಸ ಮಾಡಿತು ಅಂತ. ಅದರಲ್ಲಿ ಕಂಪ್ಯೂಟರ್ ತಂದಿಟ್ಟರೆ ಬೀಜದ ಭತ್ತ ಕುಟ್ಟಿ ಅನ್ನ ಮಾಡಿದ ಹಾಗೆ.

ನಿಮ್ಮ ಅತ್ತೆಯ ಬುಟ್ಟಿಯಲ್ಲೇ ಪ್ರಶ್ನೆ ಇದೆಯಲ್ಲ. ಜನ ದರಗಿಗೆ ಯಾವ ಜಾಗಕ್ಕೆ, ಯಾವ ತಿಂಗಳು ಹೋಗುತ್ತಾರೆ? ಅದೇ ಜಾಗದಲ್ಲಿ, ಅದೇ ತಿಂಗಳು ಉಣುಗಿನ ಮರಿ ಎಷ್ಟಿರುತ್ತವೆ? ಜಾಗ ನೀವು ಕೇಳಿಕೊಂಡು ಬರುತ್ತೀರಿ, ಪ್ರಾಣಿಶಾಸ್ತ್ರದವರು ಅಲ್ಲೇ ನೆಲದ ಮೇಲೆ ಬಿಳಿ ಬಟ್ಟೆ ಎಳೆದು ಅದಕ್ಕೆ ಅಂಟಿದ ಉಣುಗು ಎಣಿಸುತ್ತಾರೆ, ಮೂರನೆಯವರು ಎರಡನ್ನೂ ಒಂದೇ ನಕ್ಷೆ ಮೇಲೆ ಕೂರಿಸುತ್ತಾರೆ. ಯಾರೊಬ್ಬರು ಕೈಬಿಟ್ಟರೂ ಉಳಿದಿಬ್ಬರ ಕೆಲಸ ನಿಲ್ಲಬೇಕು, ಹಾಗೆ ಕಟ್ಟಿ.

2020ರಲ್ಲಿ ಇದೇ ಕಾಯಿಲೆ ಬಗ್ಗೆ ಒಂದು ಅಧ್ಯಯನ ಬಂತು, ಅಪಾಯ ಇರುವುದು ದಟ್ಟ ಕಾಡಿನಲ್ಲಿ ಮಾತ್ರ ಅಲ್ಲ, ಕಾಡು ತೋಟ ಬೆರೆತ ಕಡೆ, ದನ ಜಾಸ್ತಿ ಇರುವ ಕಡೆ ಅಂತ. ಅದನ್ನು ಓದದೆ ಅರ್ಜಿ ಹಾಕಬೇಡಿ. ಆ ನಕ್ಷೆಯ ಒಂದು ಊರಿಗೆ ಇಳಿದು ನೋಡಿದರೆ ನಿಮ್ಮದು ಹೊಸದಾಗುತ್ತದೆ. ಇಷ್ಟಕ್ಕೂ ಈ ಕಾಯಿಲೆ ಒಂದು ವಿಭಾಗದವರಿಗೆ ಯಾವತ್ತೂ ಸಿಕ್ಕಿದ್ದೇ ಅಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗ ಸತ್ತಾಗ ಪುಣೆಯಿಂದ ವೈರಸ್ಸಿನವರು ಬಂದರು, ಉಣುಗು ತಿಳಿದವರು ಬೇಕಾಯಿತು. ಆಮೇಲೆ ವಲಸೆ ಹಕ್ಕಿ ಹೊತ್ತು ತಂದಿರಬಹುದಾ ಅಂತ ಪಕ್ಷಿತಜ್ಞ ಸಲೀಂ ಅಲಿಯವರ ಬಳಗ ಹಕ್ಕಿ ಕಾಲಿಗೆ ರಿಂಗ್ ಹಾಕುವುದಕ್ಕೂ ಇಳಿಯಿತು!

ಎಲೆಚುಕ್ಕಿ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ತಿಂಗಳಿನ ಲೆಕ್ಕ ಬಿಟ್ಟುಬಿಟ್ಟರು. ನಮ್ಮದು ಅಡಿಕೆ ಎಲೆಚುಕ್ಕಿ ರೋಗದ ತಂಡ ಇತ್ತು, ಸಸ್ಯರೋಗ, ಹವಾಮಾನ, ಅರ್ಥಶಾಸ್ತ್ರ ಮೂರೂ ಸೇರಿ. ಜುಲೈಯಲ್ಲಿ ಮಂಜೂರು ಆಯಿತು, ದುಡ್ಡು ಕೈಗೆ ಬಂದಿದ್ದು ಫೆಬ್ರವರಿಗೆ, ಮಾರ್ಚ್ 31ಕ್ಕೆ ಲೆಕ್ಕ ಕೊಡಿ ಅಂದರು. ಆ ರೋಗ ಹರಡುವುದೇ ಮಳೆಗಾಲದಲ್ಲಿ. ಫೆಬ್ರವರಿಯಲ್ಲಿ ಹೊಸನಗರದ ತೋಟಕ್ಕೆ ಹೋಗಿ ನಾವು ಏನು ನೋಡಬೇಕಿತ್ತು? ಕೊನೆಗೆ ಮೂವರೂ ಒಂದೊಂದು ಪ್ರಿಂಟರ್ ತಗೊಂಡೆವು. ನಾಚಿಕೆಗೇಡು, ಆದರೆ ನಿಜ.

ನಿಮ್ಮದರಲ್ಲಿ ಉಣುಗಿನ ಮರಿ ಸಿಗುವುದು ನವೆಂಬರ್‌ನಿಂದ ಬೇಸಿಗೆವರೆಗೆ. ಮಳೆಗಾಲದಲ್ಲಿ ಹೋದರೆ ಇಂಬಳ (ಜಿಗಣೆ) ಮಾತ್ರ ಸಿಗುತ್ತದೆ. ಹಾಗಾಗಿ ಹಣ ಇಂಥ ತಿಂಗಳ ಒಳಗೆ ಬೇಕು, ತಡವಾದರೆ ಅವಧಿ ಮುಂದಿನ ಮೇವರೆಗೆ ವಿಸ್ತರಿಸಬೇಕು ಅಂತ ಅರ್ಜಿಯಲ್ಲೇ ಬರೆಯಿರಿ.

ಇನ್ನೊಂದು, ಅದೇ ಸಮಯಕ್ಕೆ ಅಡಿಕೆ ಕೊಯ್ಲು. ಹಗಲು ಪ್ರಶ್ನಾವಳಿ ಹಿಡಿದು ಹೋದರೆ ಯಾರೂ ಮಾತಾಡುವುದಿಲ್ಲ, ಕೈಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕೊಟ್ಟು ಕೂರಿಸುತ್ತಾರೆ. ಕೂತುಬಿಡಿ. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ದೀಪದ ಕೆಳಗೆ ಅಡಿಕೆ ಸುಲಿಯುತ್ತಾ ಕೂತ ಹೆಂಗಸರು ಎರಡು ಗಂಟೆಯಲ್ಲಿ ಹೇಳುವ ವಿಷಯ ನಿಮ್ಮ ಐವತ್ತು ಪ್ರಶ್ನೆಗೂ ಸಿಗಲ್ಲ. ಯಾವ ಹಾಡಿಯಲ್ಲಿ (ಊರ ಪಕ್ಕದ ಸಣ್ಣ ಕಾಡು) ಮಂಗ ಸತ್ತಿತ್ತು, ಯಾರು ಆ ಕಡೆ ಹೋಗುವುದು ಬಿಟ್ಟರು, ಬಿಟ್ಟವರು ಈಗ ಎಲ್ಲಿಂದ ತರುತ್ತಾರೆ, ಎಲ್ಲ ಬರುತ್ತದೆ.

ವೈರಸ್ ಪತ್ತೆಗೆ ಮಾತ್ರ ಕೈ ಹಾಕಬೇಡಿ. ಅದಕ್ಕೆ ಕನಿಷ್ಠ ಬಿಎಸ್‌ಎಲ್-3, ಅಂದರೆ ಅಪಾಯಕಾರಿ ರೋಗಾಣು ಇಟ್ಟುಕೊಳ್ಳುವಷ್ಟು ಭದ್ರವಾದ ಲ್ಯಾಬ್ ಬೇಕು. ನೀವು ಉಣುಗು ಎಣಿಸಿ, ಅದರ ಜಾತಿ ಗುರುತಿಸಿ, ಅಲ್ಲಿಗೆ ನಿಲ್ಲಿಸಿ. ಬಟ್ಟೆ ಎಳೆಯುವ ಹುಡುಗರಿಗೂ ಅಪಾಯ ಇದೆ, ಆ ಮರಿಗಳು ಎಳ್ಳಿಗಿಂತ ಸಣ್ಣ, ಕಾಲುಚೀಲದ ಒಳಗೆ ಹೋದರೆ ಕಾಣುವುದೇ ಇಲ್ಲ. ಇದ್ದ ಲಸಿಕೆ 2022ರಲ್ಲಿ ನಿಂತಿದೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಗಂಬೂಟು, ಉದ್ದ ತೋಳಿನ ಬಟ್ಟೆ, ಇವನ್ನು ಬಜೆಟ್ಟಿನ ಮೊದಲ ಸಾಲಿನಲ್ಲಿ ಹಾಕಿ.

ಸುಮ್ನೆ ಒಂದು ಮಾತು:
ಇದೆಲ್ಲ ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೋಸ್ಕರ ರೀ. ಅಧ್ಯಾಪಕರಿಗೆ ಸೀಡ್ ಮನಿ ಕೊಟ್ಟಿದ್ದೀರಾ ಅಂತ ಅಲ್ಲೊಂದು ಪ್ರಶ್ನೆ ಇದೆ, ಅದಕ್ಕೆ ಅಂಕ ಇದೆ. ತಂಡ ಗಿಂಡ ಎಲ್ಲ ಫೋಟೋಗೆ.

ಬೀಜದ ಭತ್ತ:
ಇರಬಹುದು. ದುಡ್ಡು ನಿಜವಾದ್ದೇ ಅಲ್ವಾ? ತಗೊಂಡು ಕೆಲಸ ಮಾಡಲಿ ಬಿಡಿ.

ವೋಚರ್ ಅಣ್ಣ:
ನಾನು ಲೆಕ್ಕಪತ್ರ ವಿಭಾಗದವನು, ಬೇರೆ ಕಡೆ. ಮೇಡಂ, ಉಪಕರಣದ ಹಣ ಬೇರೆ, ಖರ್ಚಿನ ಹಣ ಬೇರೆ. ಒಂದರಿಂದ ಇನ್ನೊಂದಕ್ಕೆ ತಿರುಗಿಸಲು ಮೊದಲೇ ಅನುಮತಿ ಬೇಕು, ಖರ್ಚು ಮಾಡಿ ಆಮೇಲೆ ಬಂದು ಅಳಬೇಡಿ. ಕೇಂದ್ರದ ಹಣಕ್ಕಾದರೆ ಬಳಕೆ ಪ್ರಮಾಣಪತ್ರಕ್ಕೆ ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮ) 12-ಎ ನಮೂನೆ ಇದೆ. ವಿವಿ ತನ್ನ ನಿಧಿಯಿಂದ ಕೊಟ್ಟರೂ ಹೆಚ್ಚುಕಡಿಮೆ ಅದೇ ಥರದ ಕಾಗದ ಕೇಳುತ್ತಾರೆ, ಈಗಲೇ ಒಂದು ಪ್ರತಿ ಇಟ್ಟುಕೊಳ್ಳಿ.

ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಸಣ್ಣ ದುಡ್ಡಿನಲ್ಲಿ. ಕಾಡಿನಲ್ಲಿ ದಾರಿ ತೋರಿಸಿದವನಿಗೆ 600 ರೂಪಾಯಿ ಕೊಡುತ್ತೀರಿ, ಅವನು ಜಿಎಸ್‌ಟಿ ಬಿಲ್ ಕೊಡುತ್ತಾನಾ? ಹೆಸರು, ಊರು, ತಾರೀಕು, ಏನು ಕೆಲಸ, ಸಹಿ ಇರುವ ವೋಚರ್ ಅವತ್ತೇ ಬರೆಸಿ. ಒಂದೇ ರಸೀದಿ 5000 ದಾಟಿದರೆ ರೆವಿನ್ಯೂ ಸ್ಟಾಂಪ್ ಅಂಟಿಸಿ. ಪಿಐ ಆದವರ ಸಹಿ ಇಲ್ಲದೆ ಒಂದು ಬಿಲ್ಲೂ ಪಾಸಾಗುವುದಿಲ್ಲ, ಆದ್ದರಿಂದ ಸೀನಿಯರ್ ಯಾರು ಅಂತ ನೋಡಬೇಡಿ, ಫೋನ್ ಎತ್ತುವವರು ಯಾರು ಅಂತ ನೋಡಿ.

ಸೊಪ್ಪಿನಬೆಟ್ಟ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕ್ಯಾಂಟೀನಿನಲ್ಲಿ ಮೂವರೂ ಕೂತು ಬಜೆಟ್ ಹರಿದು ಹಾಕಿದೆವು. ಕಂಪ್ಯೂಟರ್ ಹೋಯಿತು. ಕಂಪ್ಯೂಟರ್ ಸೈನ್ಸ್‌ನವರೇ ಹೇಳಿದರು, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಉಚಿತ, ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರಗಳೂ ಉಚಿತ, ಇರುವ ಲ್ಯಾಪ್‌ಟಾಪೇ ಸಾಕು ಅಂತ. ಹಾಗಾದರೆ ಮೊದಲು ಯಾಕೆ ಕೇಳಿದಿರಿ ಅಂದರೆ, ನೀವೆಲ್ಲ ಕೇಳಿದ್ರಲ್ಲ ಅದಕ್ಕೆ ಅಂದರು! ಮೈಕ್ರೋಸ್ಕೋಪ್ ಬೇರೆ ಕಾಲೇಜಿನಿಂದ ಎರವಲು. ಉಳಿದದ್ದು ಗಾಡಿ ಬಾಡಿಗೆ, ಇಬ್ಬರು ಹುಡುಗರ ಸಂಬಳ, ಗಂಬೂಟು.

ಪಿಐ ಪ್ರಾಣಿಶಾಸ್ತ್ರದ ಮೇಡಂ. ಮೊದಲ ಪೇಪರ್‌ನಲ್ಲಿ ನನ್ನ ಹೆಸರು ಮೊದಲು, ಎರಡನೆಯದರಲ್ಲಿ ಅವರದು ಅಂತ ಬರೆದು ಮೂವರೂ ಸಹಿ ಹಾಕಿದ್ದೇವೆ. ಸಂದರ್ಶನಕ್ಕೆ ಎಥಿಕ್ಸ್ ಸಮಿತಿ ಅರ್ಜಿ ನಾನು ಬರೆಯುತ್ತಿದ್ದೇನೆ. ನಾವು ಆರಿಸಿದ ಒಂದು ಊರು ಶರಾವತಿ ಕಣಿವೆ ಅಭಯಾರಣ್ಯದ ಒಳಗೆ ಬರುತ್ತದೆ, ಅದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕಂತೆ. ಯಾರಾದರೂ ತಗೊಂಡಿದ್ದರೆ ಎಷ್ಟು ದಿನ ಹಿಡಿಯಿತು ಹೇಳಿ, ಇಲ್ಲದಿದ್ದರೆ ಆ ಊರು ಬಿಟ್ಟು ಅತ್ತೆ ಮನೆ ಊರನ್ನೇ ಹಾಕುತ್ತೇವೆ.