ಹಡಗು ಮುಳುಗುವಾಗ ಲೈಫ್‌ಬೋಟ್ ತಾನಾಗಿಯೇ ಬಿಚ್ಚಿಕೊಳ್ಳಬೇಕೆ?

ಮಲಪ್ರಭಾ ಮೆಕ್ಯಾನಿಕಲ್ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷದಲ್ಲಿದ್ದೇವೆ. ಮುಳುಗುತ್ತಿರುವ ಹಡಗಿನಿಂದ ಲೈಫ್‌ಬೋಟನ್ನು ಯಾರ ಕೈಯೂ ತಾಗದೆ ಬಿಡಿಸುವ ಸಾಧನ ನಮ್ಮ ಪ್ರಾಜೆಕ್ಟ್. ಹಡಗು 20 ಡಿಗ್ರಿಗಿಂತ ಹೆಚ್ಚು ವಾಲಿ, ಡೆಕ್ಕಿಗೂ ನೀರು ಬಂದರೆ ಸೆನ್ಸರ್ ಎರಡನ್ನೂ ಗುರುತಿಸಿ ದೋಣಿಯ ಹುಕ್ ತೆರೆಯುತ್ತದೆ.

20 ಡಿಗ್ರಿ ಯಾಕೆಂದರೆ, ಸೋಲಾಸ್ ಒಪ್ಪಂದದ ಪ್ರಕಾರ (ಸಮುದ್ರದಲ್ಲಿ ಜೀವ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ, ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಮೊದಲು ರೂಪುಗೊಂಡದ್ದು) ಹಡಗು ಯಾವ ಬದಿಗೆ 20 ಡಿಗ್ರಿ ವಾಲಿದರೂ ದೋಣಿ ಇಳಿಸಲು ಬರುವಂತಿರಬೇಕು. ಅದರಾಚೆಗೆ ವಾಲಿದರೆ ಖಾತ್ರಿಯಿಲ್ಲ. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ವಾಲಿದಾಗ ಮೇಲೆದ್ದ ಬದಿಯ ದೋಣಿಗಳನ್ನು ಇಳಿಸಲು ಹೆಣಗಾಡಬೇಕಾಯಿತು. 4,200ಕ್ಕೂ ಹೆಚ್ಚು ಜನರಿದ್ದರು, 32 ಮಂದಿ ಸತ್ತರು. ಹಡಗಿನಲ್ಲಿ ದುಡಿದವರು, ಈ ವಿಷಯ ಬಲ್ಲವರು ನಮ್ಮ ಐಡಿಯಾದಲ್ಲಿ ತಪ್ಪೇನಿದೆ ಎಂದು ನೇರವಾಗಿ ಹೇಳಿ.

ಇಂಜಿನ್ ರೂಮ್ (ಅಥಣಿ)

ತಮ್ಮಾ, ನಾನು ಸರಕು ಹಡಗಿನ್ಯಾಗ ಇಂಜಿನಿಯರ್ ಆಗಿ ದುಡಿದು ಈಗ ಊರಾಗ ಕಬ್ಬು ಬೆಳೀತೀನಿ. ನಿನ್ನ ಕಾಳಜಿ ಚಲೋ ಐತಿ. ಆದ್ರ ಹುಕ್ಕಿಗೆ ಕೈ ಹಚ್ಚಬ್ಯಾಡ.

ತಾನಾಗಿ ಬಿಚ್ಚೂ ಸಾಧನ ಹಡಗಿನ ಮ್ಯಾಲ ಈಗಾಗಲೇ ಐತಿ, ಲೈಫ್‌ರಾಫ್ಟಿಗೆ. ಅಂದ್ರ ಬಿಳಿ ಡಬ್ಬಿಯೊಳಗ ಮಡಚಿಟ್ಟ ಗಾಳಿ ತೆಪ್ಪಕ್ಕ. ಅದರ ಹೆಸರು ಹೈಡ್ರೋಸ್ಟಾಟಿಕ್ ರಿಲೀಸ್ ಯುನಿಟ್, ನಾವು ಎಚ್‌ಆರ್‌ಯು ಅಂತೀವಿ. ಹಡಗು ಮುಳುಗಿ ಅದು 1.5ರಿಂದ 4 ಮೀಟರ್ ಆಳಕ್ಕ ಹೋಯ್ತಂದ್ರ ನೀರಿನ ಒತ್ತಡ ಒಳಗಿನ ಪೊರೆ ಒತ್ತತೈತಿ, ಸ್ಪ್ರಿಂಗಿನ ಚಾಕು ಬಿಟ್ಟು ಹಗ್ಗ ಕತ್ತರಿಸತೈತಿ. ಡಬ್ಬಿ ಮ್ಯಾಲ ತೇಲತೈತಿ. ಡಬ್ಬಿಗೂ ಹಡಗಿಗೂ ನಡುವ ಪೇಂಟರ್ ಅನ್ನೂ ಹಗ್ಗ ಇರತೈತಿ. ಹಡಗು ಇಳದಂಗ ಆ ಹಗ್ಗ ಬಿಗಿದು ಗ್ಯಾಸ್ ಸಿಲಿಂಡರ್ ತೆರೀತೈತಿ, ತೆಪ್ಪ ಉಬ್ಬತೈತಿ. ಉಬ್ಬಿದ ತೆಪ್ಪ ಮ್ಯಾಲ ಜಗ್ಗಿದಾಗ ಸುಮಾರು 220 ಕಿಲೋ ಎಳತಕ್ಕ ವೀಕ್ ಲಿಂಕ್ ಅನ್ನೂ ನಾಜೂಕು ಕೊಂಡಿ ಹರೀತೈತಿ, ತೆಪ್ಪ ಸ್ವತಂತ್ರ. ಕರೆಂಟಿಲ್ಲ, ಸೆನ್ಸರ್ ಇಲ್ಲ, ಬ್ಯಾಟರಿ ಇಲ್ಲ.

1.5 ಮೀಟರ್ ಯಾಕ? ಬಿರುಗಾಳಿಯೊಳಗ ಡೆಕ್ ಮ್ಯಾಲ ನೀರು ಹರದು ಹೋಗೂದು ದಿನದ ಮಾತು. ಅದಕ್ಕೂ ಕಡಿಮಿ ಆಳಕ್ಕ ಬಿಚ್ಚುವಂಗಿದ್ರ ತೆಪ್ಪ ಎಲ್ಲಾ ಅಲೆಗೆ ಹೋಗಿಬಿಡ್ತಾವ. ನಿನ್ನ "ಡೆಕ್ಕಿಗೆ ನೀರು ಬಂದರೆ" ಅನ್ನೂದು ಅಲ್ಲೇ ಬೀಳತೈತಿ.

ಇನ್ನ ಲೈಫ್‌ಬೋಟ್ ಬ್ಯಾರೆ. ಅದರೊಳಗ ಮನಷ್ಯಾರು ಕುಂತಿರ್ತಾರ. ನೀರಿನಿಂದ ಎಷ್ಟೋ ಮೀಟರ್ ಮ್ಯಾಲ ಎರಡು ಹುಕ್ಕಿಗೆ ತೂಗಾಡುವಾಗ ನಿನ್ನ ಸೆನ್ಸರ್ "20 ದಾಟಿತು" ಅಂತ ಹುಕ್ ತೆರೆದ್ರ?

ಬಂದರದ ದಾರಿ (ವಿಜಯಪುರ)

ನನ್ನ ಮಗ ಈ ವರ್ಷ ಡೆಕ್ ಕ್ಯಾಡೆಟ್ (ತರಬೇತಿ ಅಧಿಕಾರಿ) ಆಗಿ ಹಡಗು ಹತ್ಯಾನ. ನಮ್ಮ ಮನಿತನದಾಗ ಸಮುದ್ರ ಕಂಡವನು ಅವನೊಬ್ಬನ. ಅದಕ್ಕ ಈ ಚರ್ಚೆ ನನಗ ಸುಮ್ನ ಓದೂದಲ್ಲ.

ನಾನು ಹುಡುಗನ ಕಡೆ ಇದ್ದೀನ್ರಿ. ಹಡಗು ಮುಳುಗುವಾಗ ಕತ್ತಲಿ ಇರತದ, ಚೀರಾಟ ಇರತದ, ಕೈ ನಡುಗತಾವ. ಅಂಥಾದ್ರಾಗ ಪಿನ್ ತೆಗೀರಿ, ಬ್ರೇಕ್ ಎತ್ರಿ, ಲಿವರ್ ಜಗ್ರಿ ಅಂದ್ರ ಎಷ್ಟು ಮಂದಿಗೆ ಆದೀತು? ಮನಷ್ಯಾ ತಪ್ಪು ಮಾಡೂ ಜಾಗಾದಾಗ ಯಂತ್ರ ಇರಬೇಕು. ತೆಪ್ಪಕ್ಕ ಮಾಡ್ಯಾರಂದ್ರ ದೋಣಿಗೆ ಯಾಕ ಮಾಡಬಾರದು?

ಮಲಪ್ರಭಾ ಮೆಕ್ಯಾನಿಕಲ್

ಅಥಣಿ ಅಣ್ಣಾ, ಅಲೆಯ ಮಾತು ಒಪ್ಪಿದೆ, ನೀರಿನ ಸೆನ್ಸರ್ ಬದಲು ಒತ್ತಡದ ಪೊರೆಯನ್ನೇ ಇಡುತ್ತೇವೆ. ಆದರೆ ಬಿಚ್ಚದೇ ಹೋದ ಹುಕ್ಕಿನಿಂದ ಸತ್ತವರ ಲೆಕ್ಕವೂ ಇದೆಯಲ್ಲ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಎಲ್. ಕೀಲ್ಯಾಂಡ್ ಎಂಬ ತೇಲುವ ವಸತಿ ವೇದಿಕೆ ಮಗುಚಿತು. 212 ಜನರಲ್ಲಿ 123 ಜನ ಸತ್ತರು. ಏಳು ಲೈಫ್‌ಬೋಟ್ ಇದ್ದವು, ನಾಲ್ಕನ್ನು ಇಳಿಸಿದರು, ಹಗ್ಗದಿಂದ ಬಿಡಿಸಿಕೊಳ್ಳಲು ಆದದ್ದು ಒಂದಕ್ಕೆ. ಹಗ್ಗದ ಮೇಲೆ ಭಾರ ಇರುವ ತನಕ ಹುಕ್ ತೆರೆಯದಂತೆ ತಡೆಯುವ ವ್ಯವಸ್ಥೆ ಅದರಲ್ಲಿತ್ತು. ಆ ಅಲೆಗಳಲ್ಲಿ ಭಾರ ಇಳಿಯಲೇ ಇಲ್ಲ. "ಬಿಚ್ಚಬಾರದು" ಎಂದು ಕಟ್ಟಿದ ಸುರಕ್ಷತೆಯೇ ಜನರನ್ನು ಹಿಡಿದಿಟ್ಟಿತು.

ಇಂಜಿನ್ ರೂಮ್ (ಅಥಣಿ)

ಚಲೋ ಉದಾಹರಣೆ ತಗದಿ. ಅದರ ಮುಂದಿನ ಕಥಿ ಕೇಳು, ಯಾಕಂದ್ರ ನಾವು ಹಡಗಿನವರು ಅದನ್ನ ಮೈಮ್ಯಾಲ ಅನುಭವಿಸೀವಿ.

ಕೀಲ್ಯಾಂಡ್ ಆದ ಮ್ಯಾಲ ನಿಯಮ ತಿದ್ದಿದ್ರು. 1986ರ ಜುಲೈ 1ರಿಂದ ಹೊಸ ಹಡಗಿಗೆ ಆನ್-ಲೋಡ್ ಹುಕ್ ಬಂತು. ಅಂದ್ರ ಹಗ್ಗದ ಮ್ಯಾಲ ಭಾರ ಇದ್ರೂ ಒಳಗ ಕುಂತವ ಲಿವರ್ ಜಗ್ಗಿ ಮುಂದಿನ ಹುಕ್ಕು, ಹಿಂದಿನ ಹುಕ್ಕು ಎರಡೂ ಒಮ್ಮೆಲೇ ತೆರೀಬಹುದು. ಒಳ್ಳೇ ಉದ್ದೇಶಾನ. ಆದ್ರ ಆಗಿನ ಭಾಳ ಹುಕ್ಕುಗಳ ರಚನೆ ಹೆಂಗಿತ್ತು ಅಂದ್ರ ದೋಣಿಯ ಭಾರಾನ ಹುಕ್ಕನ್ನ ತೆರೀಲಿಕ್ಕೆ ನೂಕ್ತಿತ್ತು, ಒಂದು ಸಣ್ಣ ಕ್ಯಾಮ್ (ತಿರುಗೂ ಲೋಹದ ತುಂಡು) ಅಷ್ಟ ಅದನ್ನ ತಡದು ಹಿಡೀತಿತ್ತು. ಕ್ಯಾಮ್ ಸವದ್ರ, ಕೇಬಲ್ ತುಕ್ಕು ಹಿಡದ್ರ, ದೋಣಿ ಮ್ಯಾಲ ಎತ್ತುವಾಗ ಹುಕ್ ಪೂರ್ತಿ ಕೂಡದಿದ್ರ, ಹೊರಗಿಂದ ನೋಡಿದ್ರ ಮುಚ್ಚಿದಂಗ ಕಾಣತೈತಿ. ಡ್ರಿಲ್ ಅಂದ್ರ ದೋಣಿ ಇಳಿಸೂ ಅಭ್ಯಾಸ ಮಾಡುವಾಗ ಒಂದು ತುದಿ ಬಿಚ್ಚಿ ದೋಣಿ ಇನ್ನೊಂದು ತುದಿಗೆ ಜೋತಾಡತೈತಿ, ಒಳಗಿನವರು ಕೆಳಗ.

ಹಡಗು ಮುಳುಗಿದ್ದಿಲ್ಲ, ಬೆಂಕಿ ಹತ್ತಿದ್ದಿಲ್ಲ. ಬಂದರಿನ್ಯಾಗ, ಶಾಂತ ನೀರಿನ್ಯಾಗ, ಬದುಕೂದನ್ನ ಕಲಿಸೂ ಅಭ್ಯಾಸದಾಗ ನಾವಿಕರು ಸತ್ರು. ಬ್ರಿಟನ್ನಿನ ಅಪಘಾತ ತನಿಖಾ ಸಂಸ್ಥೆ 2001ರಾಗ ಇದರ ಮ್ಯಾಲ ಒಂದು ಅಧ್ಯಯನಾನ ಹೊರಡಿಸಿತು. ನಮ್ಮ ಹಡಗಿನ್ಯಾಗೂ ಡ್ರಿಲ್ ಅಂದ್ರ ಹುಡುಗರು ದೋಣಿ ಹತ್ತಲಿಕ್ಕೆ ಹಿಂದೇಟು ಹಾಕ್ತಿದ್ರು. ಅಂಥಾ ಅಂಜಿಕಿ ಒಮ್ಮೆ ಹೊಕ್ತಂದ್ರ ಜೀವ ಉಳಿಸೂ ದೋಣೀನ ಯಾರೂ ನಂಬಂಗಿಲ್ಲ.

ಕಡೀಕ 2013ರ ಜನವರಿ 1ರಿಂದ ಹೊಸ ನಿಯಮ ಜಾರಿಗೆ ಬಂತು. ಭಾರ ಬಿದ್ದಾಗ ಮುಚ್ಚಿಕೊಂಡ ಇರೂ ಅಂಥಾ ಹುಕ್ ಬೇಕು, ಪರೀಕ್ಷೆಯೊಳಗ ಪಾಸಾಗದ ಹಳೇವೆಲ್ಲ 2019ರ ಜುಲೈ 1ರೊಳಗ ಬದಲಾಗಬೇಕು ಅಂತ. ನೀನು ಈಗ ಅದ ಹುಕ್ಕಿಗೆ ಮತ್ತೊಂದು ಬಿಚ್ಚೂ ದಾರಿ ಕೊಡಾಕ ಹೊಂಟಿ. ಬಿಚ್ಚೂ ದಾರಿ ಹೆಚ್ಚಾದಂಗ ಬೇಡದ ಹೊತ್ತಿನ್ಯಾಗ ಬಿಚ್ಚೂ ದಾರೀನೂ ಹೆಚ್ಚಾಗತೈತಿ.

ಖಾನಾಪುರ ಮಳೆ (ಬೆಳಗಾವಿ)

ನಾನು ಹಡಗಿನವಳಲ್ಲ, ಅಪಘಾತಗಳ ತನಿಖಾ ವರದಿಗಳನ್ನು ಓದುವವಳು. ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು ಅಥಣಿಯವರಿಗೆ. ಡ್ರಿಲ್ ಸಾವುಗಳನ್ನೆಲ್ಲ ಹುಕ್ಕಿನ ತಲೆಗೆ ಕಟ್ಟಬೇಡಿ. 2013ರ ಫೆಬ್ರುವರಿಯಲ್ಲಿ ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಲ್ಲಿ ಥಾಮ್ಸನ್ ಮೆಜೆಸ್ಟಿ ಹಡಗಿನ ದೋಣಿ ಬಿದ್ದು ಐವರು ಸತ್ತರಲ್ಲ, ಅಲ್ಲಿ ಹರಿದದ್ದು ತುಕ್ಕು ಹಿಡಿದ ಉಕ್ಕಿನ ಹಗ್ಗ. ಹುಕ್ ಎಷ್ಟೇ ಒಳ್ಳೆಯದಿದ್ದರೂ ಅದನ್ನು ಹೊತ್ತ ಹಗ್ಗವನ್ನು ಯಾರೂ ನೋಡದಿದ್ದರೆ ಮುಗಿಯಿತು.

ಎರಡನೆಯದು ವಿಜಯಪುರದವರಿಗೆ. ಯಂತ್ರ ತಾನಾಗಿ ಬಿಚ್ಚಿಕೊಂಡರೆ ಅರ್ಧ ಕೆಲಸ ಅಷ್ಟೇ. ಎಸ್ಟೋನಿಯಾ ಹಡಗು 1994ರ ಸೆಪ್ಟೆಂಬರ್ 28ರ ರಾತ್ರಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿ 852 ಜನ ಸತ್ತರು. ಅದರ ತುರ್ತು ರೇಡಿಯೋ ಬೀಕನ್‌ಗಳು ಅಂದುಕೊಂಡಂತೆ ತಾವಾಗಿ ಬಿಚ್ಚಿ ತೇಲಿದವು. ಆದರೆ ಒಂದೂ ಸಂಕೇತ ಕಳಿಸಲಿಲ್ಲ, ಯಾಕೆಂದರೆ ಅವುಗಳ ಸ್ವಿಚ್ಚನ್ನೇ ಯಾರೂ ಹಾಕಿರಲಿಲ್ಲ. ತೆಪ್ಪಗಳೂ ತೇಲಿ ಬಂದವು, ಎಷ್ಟೋ ಮಗುಚಿಕೊಂಡೇ ಬಂದವು. ಅವನ್ನು ಹಿಡಿದವರಲ್ಲೂ ಹಲವರು ಚಳಿಗೆ ಸತ್ತರು. ಆ ದುರಂತದ ಮೇಲೆಯೇ ವಾಹನ ಸಾಗಿಸುವ ಪ್ರಯಾಣಿಕ ಹಡಗುಗಳಿಗೆ, ತಾವೇ ನೆಟ್ಟಗಾಗುವ ಅಥವಾ ಯಾವ ಬದಿ ಮೇಲಾದರೂ ಬಳಸಬಹುದಾದ ತೆಪ್ಪ ಕಡ್ಡಾಯವಾಯಿತು.

ಹೊತ್ತಿಗೆ ಮುಂಚೆ ತೆರೆದುಕೊಳ್ಳುವುದರ ಅಪಾಯವೂ ಚಿಕ್ಕದಲ್ಲ. 1996ರ ನವೆಂಬರ್ 23ರಂದು ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನ ಕೊಮೊರೋಸ್ ಬಳಿ ಸಮುದ್ರಕ್ಕೆ ಬಿತ್ತು. ಹಲವರು ಒಳಗಿದ್ದಾಗಲೇ ಲೈಫ್ ಜಾಕೆಟ್ ಉಬ್ಬಿಸಿದ್ದರು. ನೀರು ನುಗ್ಗಿದಾಗ ಅದೇ ಜಾಕೆಟ್ ಅವರನ್ನು ಛಾವಣಿಗೆ ಒತ್ತಿ ಹಿಡಿಯಿತು, ಬಾಗಿಲ ತನಕ ಈಜಲು ಬಿಡಲಿಲ್ಲ.

ಹಿನ್ನೀರು (ಬೀಳಗಿ)

ನಡುವ ಬಂದೆ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಕಡೆ ಆಲಮಟ್ಟಿ ಹಿನ್ನೀರಿನ್ಯಾಗ ದೋಣಿ, ಬಾರ್ಜಿನ್ಯಾಗ ಮಂದಿ ದಾಟ್ತಾರ. ಬೈಕು, ಕುರಿ, ಸಂತಿ ಸಾಮಾನು ಎಲ್ಲಾ ಅದರಾಗ. 2019ರ ಪ್ರವಾಹದಾಗ ನಾವು ಹುಡುಗರು ಮನಿ ಮ್ಯಾಲ ನಿಂತವರನ್ನ ಕರಕೊಂಡು ಬರಾಕ ದೋಣಿ ಹಾಕಿದ್ವಿ. ಈ ಎಚ್‌ಆರ್‌ಯು ನಮ್ಮ ದೋಣಿಗೆ ಕೂಡತೈತೇನು? ಅಥವಾ ಬರೇ ದೊಡ್ಡ ಹಡಗಿಂದೇನು?

ಇಂಜಿನ್ ರೂಮ್ (ಅಥಣಿ)

ಹಿನ್ನೀರಿನವರ, ನಿಮಗ ಅದು ಬ್ಯಾಡ. ದಂಡಿ ಹತ್ತಿರ ನಿಮ್ಮ ದೋಣಿ ಕುಂತ್ರ ಆ ಸಾಧನಕ್ಕ ಬೇಕಾದ ಆಳಾನ ಸಿಗಂಗಿಲ್ಲ. ಮಗುಚಿ ಬಿದ್ದ ದೋಣಿ ಭಾಳ ಸಲ ನೀರಿನ ಮ್ಯಾಲ ಉಳೀತೈತಿ, ಒತ್ತಡ ಬರೂದಿಲ್ಲ.

ನಿಮಗ ಬೇಕಾದ್ದು ಇನ್ನೂ ಸರಳ. ತೇಲೂ ಸಾಮಾನನ್ನ ಕಟ್ಟಲೇಬ್ಯಾಡ್ರಿ. ಟ್ಯೂಬು, ರಿಂಗು, ಜಾಕೆಟ್ಟು ಗಂಟಿಲ್ಲದ ತೆರೆದ ಕೊಕ್ಕಿಗೆ ಹಾಕ್ರಿ, ನೀರು ಬಂದ್ರ ತಾನ ಎದ್ದು ತೇಲಬೇಕು. ಕಳ್ಳತನ ಆಗತೈತಿ ಅಂತ ಜಾಕೆಟ್ ಪೆಟಗಿಯೊಳಗ ಹಾಕಿ ಕೀಲಿ ಹಾಕೂದನ್ನ ನಾನು ನೋಡೀನಿ. ಅದು ಇದ್ರೂ ಇಲ್ಲದಂಗ. ದೋಣಿ ಹತ್ತೂಕಿಂತ ಮೊದಲ ಮೈಮ್ಯಾಲ ಹಾಕ್ಕೊಂಡ್ರ ಅದಕ್ಕಿಂತ ದೊಡ್ಡ ಯಂತ್ರ ಇಲ್ಲ. 2023ರ ಮೇ 7ಕ್ಕ ಕೇರಳದ ತಾನೂರಿನ್ಯಾಗ ವಿಹಾರದ ದೋಣಿ ಮಗುಚಿ 22 ಮಂದಿ ಹೋದ್ರು, ಭಾಳ ಮಂದಿ ಸಣ್ಣ ಮಕ್ಕಳು.

ಹಿನ್ನೀರು (ಬೀಳಗಿ)

ಕೀಲಿ ಮಾತು ಖರೇ ಐತ್ರಿ. ನಮ್ಮಲ್ಲೂ ಹಂಗ ಇಡ್ತಾರ. ನಾಳೆ ದಂಡಿಗೆ ಹೋಗಿ ಮಾತಾಡ್ತೀನಿ.

ಬಂದರದ ದಾರಿ (ವಿಜಯಪುರ)

ಎಲ್ಲಾ ಓದಿದೆ. ಆದ್ರೂ ನನ್ನ ಪ್ರಶ್ನಿಗೆ ಉತ್ತರ ಸಿಗಲಿಲ್ಲ. 1987ರಾಗ ಬೆಲ್ಜಿಯಂದ ಜೀಬ್ರುಗ್ಗೆ ಬಂದರದ ಹೊರಗ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಅನ್ನೂ ಹಡಗು ಸುಮಾರು 90 ಸೆಕೆಂಡಿನೊಳಗ ಮಗ್ಗಲಿಗೆ ಬಿತ್ತು, 193 ಮಂದಿ ಸತ್ರು. ತೊಂಬತ್ತು ಸೆಕೆಂಡಿನಾಗ ಯಾರು ದೋಣಿ ಇಳಿಸ್ತಾರ? ಡ್ರಿಲ್ ಅಪಘಾತ ಆಗ್ತಾವ ಅಂತ ಮುಳುಗೂ ಹೊತ್ತಿಗೆ ಏನೂ ಇಲ್ಲದಂಗ ಬಿಡೂದೇನು? ನನ್ನ ಮಗ ಇರೂದು ಅದಿರು ತುಂಬೂ ಬಲ್ಕ್ ಕ್ಯಾರಿಯರ್. ಅಂಥಾ ಹಡಗು ಹೋದ್ರ ನಿಮಿಷದಾಗ ಹೋಗತಾವ ಅಂತ ಓದೀನಿ.

ಇಂಜಿನ್ ರೂಮ್ (ಅಥಣಿ)

ಅಣ್ಣಾರ, ನಿಮ್ಮ ಅಂಜಿಕಿ ನ್ಯಾಯದ್ದು ಐತಿ. ಬೆಲ್ಜಿಯಂದಾಗ ಬಿದ್ದ ಆ ಹಡಗು ಆಳ ಕಡಿಮಿ ಇದ್ದಲ್ಲಿ ಮಗ್ಗಲಾಗಿ ಅರ್ಧ ಮ್ಯಾಲ ಉಳೀತು. ಮ್ಯಾಲ ಉಳಿದ ಬದಿಗೆ ಒತ್ತಡದ ಸಾಧನ ಇದ್ರೂ ಕೆಲಸ ಮಾಡ್ತಿದ್ದಿಲ್ಲ. ಅಲ್ಲಿ ರೋಗ ಬ್ಯಾರೆ, ವಾಹನ ಹೋಗೂ ಮುಂದಿನ ಬಾಗಿಲಾ ತೆರೆದ ಹೊಂಟಿತ್ತು.

ಬಲ್ಕ್ ಹಡಗಿನ ಮಾತಿಗೆ ಬರ್ತೀನಿ. ಬೇಗ ಮುಳುಗ್ತಾವ ಅನ್ನೂ ಕಾರಣಕ್ಕ 2006ರ ಜುಲೈ 1ರಿಂದ ಕಟ್ಟಿದ ಬಲ್ಕ್ ಹಡಗಿಗೆ ಫ್ರೀ-ಫಾಲ್ ದೋಣಿ ಕಡ್ಡಾಯ ಮಾಡ್ಯಾರ. ಹಡಗಿನ ಹಿಂಭಾಗದಾಗ ಇಳಿಜಾರಿನ ಮ್ಯಾಲ ಕುಂತಿರತೈತಿ. ಎಲ್ಲಾರೂ ಒಳಗ ಹೋಗಿ, ಬೆನ್ನು ಮುಂದ ಮಾಡಿ ಕುಂತು, ಬೆಲ್ಟ್ ಬಿಗದು, ಚುಕ್ಕಾಣಿ ಹಿಡದವ ಒಳಗಿಂದ ಪಂಪ್ ಹೊಡದಾಂದ್ರ ಕೊಕ್ಕೆ ಬಿಚ್ಚಿ ದೋಣಿ ಜಾರಿ ನೀರಿಗೆ ಬೀಳತೈತಿ. ಹುಕ್ಕಿಗೆ ತೂಗಾಡೂ ಮಾತಾ ಇಲ್ಲ. ಅದರಾಗ ಕೆಲವಕ್ಕ ಎಚ್‌ಆರ್‌ಯು ಹಾಕಿ, ಯಾರೂ ಹತ್ತಲಿಕ್ಕೆ ಆಗದ ಹಡಗಿನ ಜೋಡಿ ಮುಳುಗಿದ್ರ ತಾನ ತೇಲಿ ಬರೂ ಏರ್ಪಾಟು ಮಾಡಿರ್ತಾರ.

ನಾನು ಗೆರಿ ಎಳೆಯೂದು ಅಲ್ಲೇ. ಹಡಗಿನ ಜೋಡಿ ನೀರಿನೊಳಗ ಇಳದ ಖಾಲಿ ದೋಣೀನ ಯಂತ್ರ ಬಿಡಸಲಿ, ನಾನಾ ಮೊದಲು ಕೈ ಎತ್ತತೀನಿ. ಗಾಳಿಯೊಳಗ ಮಂದಿ ತುಂಬಿಕೊಂಡು ತೂಗಾಡೂ ದೋಣೀನ ಬಿಡಸೂ ಅಧಿಕಾರ ಒಳಗ ಕುಂತವನ ಕೈಯಾಗ ಇರಬೇಕು, ಸೆನ್ಸರಿನ ಕೈಯಾಗಲ್ಲ.

ಮಗನಿಗೆ ಇಷ್ಟು ಹೇಳ್ರಿ. ಈಗಿನ ನಿಯಮದಾಗ ಡ್ರಿಲ್‌ಗೆ ದೋಣಿ ಇಳಸುವಾಗ ಒಳಗ ಮಂದಿ ಇರಲೇಬೇಕು ಅಂತ ಇಲ್ಲ, ಮೊದಲು ಖಾಲಿ ಇಳಿಸಿ ನೋಡಬಹುದು. ಹಳೇ ಮಾದರಿ ಹುಕ್ ಇದ್ರ ದೋಣಿ ಬೀಳದಂಗ ತಡೆಯೂ ಫಾಲ್ ಪ್ರಿವೆಂಟರ್ ಅನ್ನೂ ಪಿನ್ನೋ ಪಟ್ಟಿಯೋ ಹಾಕ್ಯಾರೇನು ನೋಡಲಿ. ತೆಪ್ಪದ ಎಚ್‌ಆರ್‌ಯು ಮ್ಯಾಲ ಗಡುವಿನ ತಿಂಗಳು ಬರದಿರತೈತಿ, ಹೆಚ್ಚು ಬಳಕೆಯ ಮಾದರಿಗೆ ಎರಡೇ ವರ್ಷ ಆಯುಷ್ಯ. ಪೇಂಟರ್ ಹಗ್ಗಾನ ವೀಕ್ ಲಿಂಕಿಗೇ ಕಟ್ಟ್ಯಾರೋ, ತಿಳೀದವರು ನೇರವಾಗಿ ಡೆಕ್ಕಿನ ಕಬ್ಬಿಣದ ಬಳೆಗೆ ಕಟ್ಟ್ಯಾರೋ, ಅದನ್ನ ತಪ್ಪದ ನೋಡಲಿ. ಡೆಕ್ಕಿಗೆ ಕಟ್ಟಿದ್ರ ತೆಪ್ಪ ಉಬ್ಬಿದ ಮ್ಯಾಲೂ ಹಡಗಿನ ಜೋಡಿ ಕೆಳಗ ಹೋಗತೈತಿ. ಕ್ಯಾಡೆಟ್ ಆದವನು ಕೇಳಾಕ ನಾಚಬಾರದು.

ಬಂದರದ ದಾರಿ (ವಿಜಯಪುರ)

ಇದನ್ನ ಇವತ್ತ ಅವನಿಗೆ ಕಳಸ್ತೀನಿ. ಆದ್ರ ಖಾಲಿ ದೋಣಿ ಮ್ಯಾಲ ಬಂದ್ರ ನೀರಿನಾಗ ಇದ್ದವ ಅದನ್ನ ಹೆಂಗ ಹತ್ತತಾನ? ಎಲ್ಲಾ ಕಡೆ ಮುಚ್ಚಿರತದಲ್ಲ?

ಇಂಜಿನ್ ರೂಮ್ (ಅಥಣಿ)

ದೋಣಿ ಸುತ್ತ ಹಿಡಕೊಳ್ಳಾಕ ಹಗ್ಗದ ಕುಣಿಕೆ ಇರ್ತಾವ, ನೀರಿನ ಕೆಳಗ ಇಳಿಯೂ ಏಣಿ ಇರತೈತಿ. ಆದ್ರ ಆ ಏಣಿ ಭಾಳ ಕಡೆ ದೋಣಿಯೊಳಗ ಇಟ್ಟಿರ್ತಾರ. ನಿಮ್ಮ ಪ್ರಶ್ನಿ ಸಣ್ಣದಲ್ಲ, ಹುಡುಗರು ಬರಕೊಳ್ಳಲಿ.

ಖಾನಾಪುರ ಮಳೆ (ಬೆಳಗಾವಿ)

ನನಗೆ ಆ ಗೆರೆ ಪೂರ್ತಿ ಒಪ್ಪಿಗೆಯಿಲ್ಲ. ದೋಣಿ ಖಾಲಿ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಕೀಲ್ಯಾಂಡ್‌ನಲ್ಲೇ ಐದನೆಯ ದೋಣಿ ವೇದಿಕೆಯೊಂದಿಗೆ ಹೋಗಿ, ತಲೆಕೆಳಗಾಗಿ ಮೇಲೆ ಬಂತು. ಒಳಗೆ ಜನರಿದ್ದರು, ಅವರೇ ಅದನ್ನು ನೆಟ್ಟಗೆ ಮಾಡಿ ನೀರಿನಲ್ಲಿದ್ದವರನ್ನೂ ಎಳೆದುಕೊಂಡರು. ನೀರಿನೊಳಗೆ ಸಿಕ್ಕ ದೋಣಿಯಲ್ಲಿ ಜನರಿದ್ದರೆ ಅದು ಬಿಚ್ಚಿಕೊಳ್ಳಲೇಬೇಕು. ಪ್ರಶ್ನೆ ಖಾಲಿಯೋ ತುಂಬಿದೆಯೋ ಎಂಬುದಲ್ಲ, ದೋಣಿ ಗಾಳಿಯಲ್ಲಿದೆಯೋ ನೀರಿನೊಳಗಿದೆಯೋ ಎಂಬುದು.

ಮಲಪ್ರಭಾ ಮೆಕ್ಯಾನಿಕಲ್

ಅಕ್ಕನ ಮಾತು ನಮ್ಮ ವಿನ್ಯಾಸಕ್ಕೆ ನೇರವಾಗಿ ತಾಗುತ್ತದೆ. ವಾಲುವ ಕೋನವನ್ನು ಬಿಡುತ್ತೇವೆ, ಕರೆಂಟನ್ನೂ ಬಿಡುತ್ತೇವೆ. ದೋಣಿಯ ತಳದಲ್ಲೊಂದು, ಮೇಲ್ಭಾಗದಲ್ಲೊಂದು ಒತ್ತಡದ ಪೊರೆ. ಎರಡೂ ಒಟ್ಟಿಗೆ ಒತ್ತಿದರೆ ಮಾತ್ರ, ಅಂದರೆ ದೋಣಿ ಪೂರ್ತಿ ನೀರಿನೊಳಗೆ ಹೋದರೆ ಮಾತ್ರ, ಬಿಚ್ಚಿಕೊಳ್ಳಬೇಕು. ಇದರ ಜೊತೆ ಹುಕ್ ಪೂರ್ತಿ ಕೂತಿದೆಯೋ ಇಲ್ಲವೋ ಎಂದು ಹೊರಗಿನಿಂದಲೇ ಕಾಣುವ ಸೂಚಕ ಮಾಡಬೇಕೆಂದಿದ್ದೇವೆ. ಡ್ರಿಲ್ ಸಾವಿನ ಮಾತು ಕೇಳಿದ ಮೇಲೆ ಅದೇ ಮೊದಲು ಆಗಬೇಕು ಅನ್ನಿಸಿತು.

ಇಂಜಿನ್ ರೂಮ್ (ಅಥಣಿ)

ಸೂಚಕ ಮೊದಲು ಮಾಡ್ರಿ. ಕ್ಯಾಮಿನ ಸ್ಥಾನ ತೋರಿಸಬೇಕು, ಲಿವರಿನ ಸ್ಥಾನ ಅಲ್ಲ. ಲಿವರ್ ಮುಚ್ಚಿದ ಜಾಗಾದಾಗ ಇದ್ದು ಕ್ಯಾಮ್ ಅರ್ಧಕ್ಕ ನಿಂತಿರತೈತಿ, ಮೋಸ ಆಗೂದಾ ಅಲ್ಲಿ. ಎರಡು ಪೊರೆಯ ಮಾತಿಗೆ ಇನ್ನೊಂದು ತಕರಾರು ಐತಿ: ಡೇವಿಟ್ (ದೋಣಿ ಇಳಿಸೂ ಕ್ರೇನ್) ತೋಳಿನ ಕೆಳಗ ಸಿಕ್ಕ ದೋಣಿ ಹುಕ್ ಬಿಚ್ಚಿದ್ರೂ ಮ್ಯಾಲ ಬರಾಕ ದಾರಿ ಬೇಕು, ಬಿಗಿದು ಕಟ್ಟಿದ ಪಟ್ಟಿನೂ ಬಿಚ್ಚಬೇಕು. ಡ್ರಾಯಿಂಗ್ ಹಾಕ್ರಿ, ಮುಂದ ಹಿಂದ ಎರಡೂ ಹುಕ್ಕಿನ ನೋಟ ಇರಲಿ.