ಸ್ಯಾಂಕ್ಷನ್: ನಿರ್ಬಂಧವೋ, ದಿಗ್ಬಂಧನವೋ?

ಎಲ್ಲರಿಗೂ ನಮಸ್ಕಾರ,

ಉತ್ತರ ಕೊರಿಯಾದ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ನಮ್ಮಲ್ಲಿ 'ಸ್ಯಾಂಕ್ಷನ್ ಆಯ್ತು' ಅಂದರೆ ಸಿಹಿ ಹಂಚುವ ಸುದ್ದಿ, ಸಾಲ ಮಂಜೂರಾಯಿತು ಅಂತ. ವಿಶ್ವಸಂಸ್ಥೆಯ ಸ್ಯಾಂಕ್ಷನ್ ಪೂರ್ತಿ ಉಲ್ಟಾ, ಒಂದು ದೇಶದ ವ್ಯಾಪಾರ, ಹಣಕಾಸಿಗೆ ಹಾಕುವ ತಡೆ. ಹಾಗಾಗಿ ಆ ಪದವನ್ನೇ ಇಟ್ಟುಕೊಳ್ಳುವ ಹಾಗಿಲ್ಲ.

ಪತ್ರಿಕೆಗಳಲ್ಲಿ 'ನಿರ್ಬಂಧ', 'ದಿಗ್ಬಂಧನ' ಎರಡೂ ಓಡಾಡುತ್ತವೆ, ಎರಡೂ ಒಂದೇ ಅನ್ನುವ ಹಾಗೆ. ನನಗೆ ಒಪ್ಪಿಗೆಯಿಲ್ಲ. ದಿಗ್ಬಂಧನ ಅಂದರೆ ಎಲ್ಲ ದಿಕ್ಕೂ ಕಟ್ಟುವುದು. ಮಂತ್ರವಾದಿ ಹಾಕುವುದೂ ಅದೇ, ಅಧಿಕಾರಿಯನ್ನು ಕಚೇರಿಯಲ್ಲೇ ಕೂಡಿಹಾಕಿದ ಪ್ರತಿಭಟನಾಕಾರರು ಹಾಕುವುದೂ ಅದೇ. ಕುವೈತ್ ಮೇಲೆ ನುಗ್ಗಿದ ಇರಾಕಿಗೆ 1990ರಲ್ಲಿ ಭದ್ರತಾ ಮಂಡಳಿ ಹಾಕಿದ್ದಕ್ಕೆ ಈ ಪದ ಸರಿಹೊಂದುತ್ತದೆ. ಹೆಚ್ಚುಕಡಿಮೆ ಎಲ್ಲ ವ್ಯಾಪಾರವೂ ಬಂದ್. ಔಷಧಕ್ಕೆ ಬಾಗಿಲು ತೆರೆದಿತ್ತು, ಆಹಾರಕ್ಕೆ ಅರೆಬಾಗಿಲು. ಜನ ಸೊರಗಿದ ಮೇಲೆ, ಪೆಟ್ರೋಲಿಯಂ ಎಣ್ಣೆ ಮಾರಿ ಆಹಾರ ಕೊಳ್ಳುವ ಏರ್ಪಾಟಿಗೆ 1995ರಲ್ಲಿ ಮಂಡಳಿ ಒಪ್ಪಿತು.

ಉತ್ತರ ಕೊರಿಯಾದ್ದು ಬೇರೆ ಥರ. ಅಲ್ಲಿನ ಕಲ್ಲಿದ್ದಲು ಕೊಳ್ಳಬಾರದು, ನಡುಗಡಲಲ್ಲಿ ಹಡಗಿನಿಂದ ಹಡಗಿಗೆ ಎಣ್ಣೆ ದಾಟಿಸಬಾರದು, ಇಂಥಿಂಥವರ ಖಾತೆಯಿಂದ ಹಣ ಹೊರಡಬಾರದು. ಕಳ್ಳ ವ್ಯಾಪಾರಕ್ಕೆ ತಡೆ, ನೆರವಿಗೆ ದಾರಿ. ಇದನ್ನು 'ನಿರ್ಬಂಧ' ಅನ್ನೋಣ, ಅಲ್ವಾ?

ಆದರೆ ದಾರಿ ಅಷ್ಟು ಸಲೀಸಲ್ಲ. ಭದ್ರತಾ ಮಂಡಳಿಯ 2017ರ ಡಿಸೆಂಬರ್‌ನ 2397ನೇ ನಿರ್ಣಯ ಕಬ್ಬಿಣ, ಉಕ್ಕು, ಯಂತ್ರಗಳನ್ನು ಆ ದೇಶಕ್ಕೆ ಕಳಿಸಬಾರದು ಅಂದಿತು. ಹಳ್ಳಿಗೆ ನೀರು ಕೊಡುವ ಪೈಪು, ಪಂಪು ಎಲ್ಲ ಅದರಡಿ ಬಂತು. ಸುಂಕದವರು ಸಾಮಾನು ವಿಂಗಡಿಸುವ ಸಂಕೇತ ಸಂಖ್ಯೆ ಹಿಡಿದು ನೋಡಿದರೆ ಉಗುರು ಕತ್ತರಿ ಕೂಡ! ಇದು ಕುಡಿಯುವ ನೀರಿಗೆ ಸ್ವಾಮಿ ಅಂದರೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ನೆರವು ಕೊಡುವವರು ಒಂದೊಂದು ಸಾಮಾನನ್ನೂ ಪಟ್ಟಿ ಮಾಡಿ ಮಂಡಳಿಯ ಸಮಿತಿಗೆ ಅರ್ಜಿ ಹಾಕಬೇಕು.

ನನ್ನ ನಿಜವಾದ ಪ್ರಶ್ನೆ ಇಲ್ಲಿದೆ. ಹೀಗೆ ಕೇಳಿ ಪಡೆಯುವುದು ಒಂದು ಬಗೆ. ಕೇಳದೆಯೇ ಸಿಗುವುದು ಇನ್ನೊಂದು. 2022ರ ಡಿಸೆಂಬರ್ 9ರ 2664ನೇ ನಿರ್ಣಯ ಎರಡನೆಯ ಬಗೆ: ಮಾನವೀಯ ನೆರವಿಗೆ ಬೇಕಾದ ಹಣ, ಸಾಮಾನು ಕೊಟ್ಟರೆ ಖಾತೆ ತಡೆಯ ನಿಯಮ ಮುರಿದಂತಲ್ಲ ಅಂತ ಒಟ್ಟಿಗೇ ಹೇಳಿಬಿಟ್ಟಿತು. (14 ದೇಶ ಪರ. ಭಾರತ ಒಂದೇ ಮತ ಹಾಕದೆ ದೂರ ಉಳಿಯಿತು. ನೆರವಿನ ವೇಷದಲ್ಲಿ ಉಗ್ರರ ಗುಂಪುಗಳು ಇದನ್ನು ಬಳಸಿಕೊಳ್ಳುತ್ತವೆ ಅನ್ನೋದು ನಮ್ಮವರ ಅಳುಕು.) ಎರಡಕ್ಕೂ 'ವಿನಾಯಿತಿ' ಅಂದರೆ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಮೊದಲನೆಯದಕ್ಕೆ 'ವಿಶೇಷ ಅನುಮತಿ', ಎರಡನೆಯದಕ್ಕೆ ಮಾತ್ರ 'ವಿನಾಯಿತಿ' ಅಂತ ಸದ್ಯಕ್ಕೆ ಬರೆದುಕೊಂಡಿದ್ದೇನೆ. 'ರಿಯಾಯಿತಿ' ಮಾತ್ರ ದಯವಿಟ್ಟು ಬೇಡ. ಅದು ಸೀರೆ ಅಂಗಡಿಯ ಬೋರ್ಡು. ಶಾಸನಗಳ 'ಸರ್ವಮಾನ್ಯ' ಕೈಬೀಸಿ ಕರೆಯಿತು, ತೆರಿಗೆ ಬಿಟ್ಟುಕೊಟ್ಟ ಭೂಮಿಗೆ ಹಾಗನ್ನುತ್ತಿದ್ದರು. ಈಗಿನವರು 'ಎಲ್ಲರೂ ಒಪ್ಪಿದ್ದು' ಅಂತ ಓದಿಕೊಳ್ಳುತ್ತಾರೆ, ಬಿಟ್ಟೆ.

ಇನ್ನೊಂದು: ಖಾತೆ ತಡೆಹಿಡಿಯುವುದಕ್ಕೆ ಸುಮ್ನೆ 'ಮುಟ್ಟುಗೋಲು' ಅಂತ ಹಾಕುತ್ತಾರೆ. ಹಾಗಂದರೆ ಸರಕಾರ ಕಿತ್ತುಕೊಂಡಿತು ಅಂತಲೇ ಜನ ತಿಳಿಯುವುದು ಜಾಸ್ತಿ. ಇಲ್ಲಿ ಹಣ ಅವರದ್ದೇ, ಮುಟ್ಟುವ ಹಾಗಿಲ್ಲ ಅಷ್ಟೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಇದಕ್ಕೆ ಕನ್ನಡದಲ್ಲಿ ಏನನ್ನುತ್ತಿದ್ದಿರಿ?