ಮೌಂಟ್ ವರ್ನನ್ ಹೋಮ್‌ಸ್ಕೂಲ್ ಡೇ: ಯಾರಾದರೂ ಹೋಗಿದ್ದೀರಾ?

ಆಶ್‌ಬರ್ನ್ ಅಮ್ಮ:
ಎಲ್ಲರಿಗೂ ನಮಸ್ಕಾರ. ಈ ವರ್ಷ ಮಗನನ್ನು ಸ್ಕೂಲ್ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದೇವೆ. ಅವನಿಗೆ ಒಂಬತ್ತು. ಯಾಕೆ ಬಿಡಿಸಿದ್ವಿ ಅನ್ನೋದು ದೊಡ್ಡ ಕಥೆ, ಇಲ್ಲಿ ಬೇಡ. ಇಲ್ಲಿ ವರ್ಜೀನಿಯಾದಲ್ಲಿ, ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಇದ್ದ ಮೌಂಟ್ ವರ್ನನ್ ಎಸ್ಟೇಟಿನಲ್ಲಿ ಹೋಮ್‌ಸ್ಕೂಲ್ ಕುಟುಂಬಗಳಿಗೆ ಅಂತಲೇ ಒಂದು ದಿನ ಇಟ್ಟಿದ್ದಾರೆ, ಟಿಕೆಟ್ಟೂ ಕಡಿಮೆ. ಹೋಗುವ ಆಸೆ ಇದೆ, ಆದರೆ ಅಳುಕು. ಅಲ್ಲಿಗೆ ಬರುವವರಲ್ಲಿ ಚರ್ಚ್ ಗುಂಪಿನವರೇ ಜಾಸ್ತಿ, ಅವರಿಗೆಲ್ಲ ಮೊದಲೇ ಪರಿಚಯ ಇರುತ್ತೆ ಅಂತಾರೆ. ಮಗ ಒಬ್ಬನೇ ಮೂಲೆಯಲ್ಲಿ ನಿಲ್ಲುವ ಹಾಗಾದರೆ? ಅಲ್ಲಿದ್ದ ಗುಲಾಮರ ಬಗ್ಗೆ ಈ ವಯಸ್ಸಿಗೆ ಎಷ್ಟು ಹೇಳಬೇಕು? ಚಿಕ್ಕವಳೂ ಜೊತೆಗಿರುತ್ತಾಳೆ, ಸ್ಟ್ರೋಲರ್ (ಮಗುವಿನ ತಳ್ಳುಗಾಡಿ) ಒಳಗೆ ಬಿಡ್ತಾರಾ? ಪಾರ್ಕಿಂಗ್ ಹೇಗೆ?

ಬಾಲ್ಟಿಮೋರ್ ಹಾಸನದವ:
ಮೇಡಂ, ಮೊದಲು ಪೇಪರ್ ಕೆಲಸ ನೋಡಿಕೊಳ್ಳಿ. ಶುರು ಮಾಡುವ 15 ದಿನ ಮೊದಲೇ ತಿಳಿಸಬೇಕು, ಆಮೇಲೆ ಮಕ್ಕಳು ಬರೆದದ್ದೆಲ್ಲ ಫೈಲ್ ಮಾಡಿ ಪೋರ್ಟ್‌ಫೋಲಿಯೊ ತೋರಿಸಬೇಕು.

ಫೇರ್‌ಫ್ಯಾಕ್ಸ್ ಅಕ್ಕ:
ಅದು ನಿಮ್ಮ ಮೇರಿಲ್ಯಾಂಡ್ ಲೆಕ್ಕ. ವರ್ಜೀನಿಯಾದಲ್ಲಿ ಮನೆಯಲ್ಲೇ ಓದಿಸುತ್ತೇವೆ ಅಂತ ಆಗಸ್ಟ್ 15ರೊಳಗೆ ಸೂಪರಿಂಟೆಂಡೆಂಟ್‌ಗೆ, ಅಂದರೆ ಊರಿನ ಪಬ್ಲಿಕ್ ಸ್ಕೂಲುಗಳ ಮುಖ್ಯಸ್ಥರಿಗೆ, ನೋಟಿಸ್ ಕೊಡಬೇಕು. ಮುಂದಿನ ಆಗಸ್ಟ್ 1ರೊಳಗೆ ಮಗು ಕಲಿತಿದೆ ಅನ್ನೋದಕ್ಕೆ ಪುರಾವೆ, ಟೆಸ್ಟ್ ಸ್ಕೋರ್ ಇಲ್ಲವೇ ಅರ್ಹರು ಬರೆದ ಮೌಲ್ಯಮಾಪನ. ಅಮ್ಮನೋ ಅಪ್ಪನೋ ಹೈಸ್ಕೂಲ್ ದಾಟಿದ್ದರೆ ಕಲಿಸಲು ಅಷ್ಟು ಸಾಕು.
ಇನ್ನು ನಿಮ್ಮ ಪ್ರಶ್ನೆ. ನಾವು ಹೋಗಿದ್ದೇವೆ, ಚೆನ್ನಾಗಿರುತ್ತೆ. ಮುಖ್ಯ ಮನೆಗೆ ಟೈಮ್ ಹಾಕಿದ ಟಿಕೆಟ್, ಆನ್‌ಲೈನಲ್ಲಿ ಮೊದಲೇ ತೆಗೆದುಕೊಳ್ಳಿ. ಹಜಾರದಲ್ಲಿ ಫ್ರೆಂಚ್ ಕ್ರಾಂತಿಯಲ್ಲಿ ಜನ ಹಿಡಿದ ಬಾಸ್ಟಿಲ್ ಕೋಟೆಯ ಬೀಗದ ಕೈ ಇದೆ, ವಾಷಿಂಗ್ಟನ್ ಜೊತೆ ಹೋರಾಡಿದ ಫ್ರೆಂಚ್ ಸೇನಾನಿ ಲಫಾಯೆಟ್ 1790ರಲ್ಲಿ ಕಳಿಸಿದ್ದು, ಮಗನಿಗೆ ತೋರಿಸಿ. ಮ್ಯೂಸಿಯಂನಲ್ಲಿ ವಾಷಿಂಗ್ಟನ್ ಹಲ್ಲಿನ ಸೆಟ್ ಇದೆ. ಮರದ ಹಲ್ಲು ಅಂತ ಎಲ್ಲರೂ ಹೇಳೋದು ಸುಳ್ಳು, ದಂತ, ಲೋಹ, ಮನುಷ್ಯರ ಹಲ್ಲು ಸೇರಿಸಿ ಮಾಡಿದ್ದು. ನಮ್ಮವನು ಮನೆಗೆ ಬಂದು ವಾರವೆಲ್ಲ ಅದನ್ನೇ ಹೇಳಿದ. ಹದಿನಾರು ಮೂಲೆಯ ಕಣದ ಮನೆಯನ್ನೂ ಬಿಡಬೇಡಿ. ಒಳಗೆ ಕುದುರೆ ಸುತ್ತು ತುಳಿಯುತ್ತೆ, ಗೋಧಿ ಕಾಳು ನೆಲದ ಸಂದಿಯಿಂದ ಕೆಳಗೆ ಬೀಳುತ್ತೆ. ಊರಲ್ಲಿ ಕಣ ನೋಡಿದವರಿಗೆ ಕೂಡಲೇ ಗೊತ್ತಾಗುತ್ತೆ.

ರಿಚ್ಮಂಡ್ ರಾಯರು:
ಮೂವತ್ತು ವರ್ಷದಿಂದ ಇಲ್ಲಿದ್ದೇನೆ, ನೇರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ಇಲ್ಲಿಗೆ ಬಂದದ್ದೇ ಮಕ್ಕಳ ಓದಿಗೆ. ಮನೆ ತಗೊಳ್ಳೋವಾಗ ಅಡುಗೆಮನೆ ನೋಡೋಕೆ ಮುಂಚೆ ಸ್ಕೂಲ್ ಡಿಸ್ಟ್ರಿಕ್ಟ್ ನೋಡ್ತೀವಿ, ವರ್ಷ ವರ್ಷ ಪ್ರಾಪರ್ಟಿ ಟ್ಯಾಕ್ಸ್ ಕಟ್ಟಿ ಸಾಯ್ತೀವಿ, ಅದರಲ್ಲಿ ದೊಡ್ಡ ಪಾಲು ಸ್ಕೂಲಿಗೇ ಹೋಗುತ್ತೆ. ಅಷ್ಟೆಲ್ಲ ಕೊಟ್ಟು ಹುಡುಗನನ್ನು ಮನೆಯಲ್ಲಿ ಕೂರಿಸ್ತೀರಾ? ಸ್ಕೂಲಲ್ಲಿ ತೊಂದರೆ ಇದ್ದರೆ ಪ್ರಿನ್ಸಿಪಾಲ್ ಹತ್ತಿರ ಜಗಳ ಆಡಿ. ನನ್ನ ಇಬ್ಬರೂ ಮಕ್ಕಳು ಪಬ್ಲಿಕ್ ಸ್ಕೂಲಲ್ಲೇ ಓದಿದವರು, ಒಬ್ಬಳು ಇವತ್ತು ಡಾಕ್ಟರ್. ಪಿಕ್ನಿಕ್ ಆಮೇಲೆ, ಮೊದಲು ಸ್ಕೂಲಿಗೆ ಸೇರಿಸಿ.

ಹರ್ನ್‌ಡನ್ ಧಾರವಾಡ:
ರಾಯರೇ, ಅವರು ಕೇಳಿದ್ದು ಎಸ್ಟೇಟಿನ ಬಗ್ಗೆ. ಅಂದ ಹಾಗೆ ವಾಷಿಂಗ್ಟನ್‌ಗೆ ಹನ್ನೊಂದು ವರ್ಷ ಇದ್ದಾಗ ಅಪ್ಪ ತೀರಿಕೊಂಡ, ಅವನು ಕಾಲೇಜಿನ ಮುಖವನ್ನೇ ನೋಡಲಿಲ್ಲ.

ರಿಚ್ಮಂಡ್ ರಾಯರು:
ಅವನಿಗೆ ದುಡಿದು ಹಾಕಲು ಮುನ್ನೂರು ಜನ ಇದ್ದರು ಸ್ವಾಮಿ. ನಮಗೆ ಯಾರಿದ್ದಾರೆ?

ಫೇರ್‌ಫ್ಯಾಕ್ಸ್ ಅಕ್ಕ:
ರಾಯರು ವಾದಕ್ಕೆ ಹೇಳಿದರೂ ಲೆಕ್ಕ ಸರಿ. 1799ರಲ್ಲಿ ಅಲ್ಲಿ 317 ಗುಲಾಮರಿದ್ದರು. ಅದರಲ್ಲಿ ವಾಷಿಂಗ್ಟನ್‌ಗೇ ಸೇರಿದ 123 ಜನರ ಬಿಡುಗಡೆಗೆ ಉಯಿಲಿನಲ್ಲಿ ಬರೆದಿಟ್ಟ. ಉಳಿದವರಲ್ಲಿ ಹೆಚ್ಚಿನವರು ಹೆಂಡತಿಯ ಮೊದಲ ಗಂಡನ ಆಸ್ತಿಗೆ ಸೇರಿದವರು, ಅವರಿಗೆ ಬಿಡುಗಡೆ ಸಿಗಲಿಲ್ಲ. ಎಷ್ಟೋ ಮನೆಗಳಲ್ಲಿ ಗಂಡ ಈ ಕಡೆ, ಹೆಂಡತಿ ಮಕ್ಕಳು ಆ ಕಡೆ. ಒಂಬತ್ತು ವರ್ಷದವನಿಗೆ ಇಷ್ಟು ಅರ್ಥ ಆಗುತ್ತೆ. ಹರ್ಕ್ಯುಲೀಸ್ ಅನ್ನೋ ಅಡುಗೆಯವನ ಕಥೆ ಹೇಳಿ. ದೊಡ್ಡ ಹೆಸರು ಮಾಡಿದ್ದವನು, 1797ರಲ್ಲಿ ವಾಷಿಂಗ್ಟನ್ ಹುಟ್ಟುಹಬ್ಬದ ದಿನವೇ ಅಲ್ಲಿಂದ ತಪ್ಪಿಸಿಕೊಂಡು ಹೋದ. ಆಮೇಲೆ ಗುಲಾಮರ ಸಮಾಧಿ ಜಾಗಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಏನೂ ವಿವರಿಸುವುದು ಬೇಡ, ಅವನೇ ಕೇಳುತ್ತಾನೆ.

ಮಂಡ್ಯ ಟು ಮನಾಸಸ್:
ನಮ್ಮ ಕಡೆಯ ಕೊಂಡಿಯನ್ನೂ ಹೇಳಿ! ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ ಯಾರ್ಕ್‌ಟೌನಲ್ಲಿ ವಾಷಿಂಗ್ಟನ್‌ಗೆ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನೇ 1791ರಲ್ಲಿ ಬೆಂಗಳೂರು ಕೋಟೆ ಹಿಡಿದದ್ದು. ಮುಂದಿನ ವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಬರೆಸಿಕೊಂಡ, ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟುಕೊಂಡ. ಟಿಪ್ಪು ಸತ್ತದ್ದು 1799ರ ಮೇ 4, ವಾಷಿಂಗ್ಟನ್ ಅದೇ ವರ್ಷ ಡಿಸೆಂಬರ್ 14. ಬೇಸಿಗೆಯಲ್ಲಿ ಊರಿಗೆ ಹೋದಾಗ ಶ್ರೀರಂಗಪಟ್ಟಣವನ್ನೂ ತೋರಿಸಿಬಿಟ್ಟರೆ ಪಾಠ ಪೂರ್ತಿ ಆಗುತ್ತೆ.

ಸ್ಟರ್ಲಿಂಗ್ ಗೆಳೆಯ:
ಟಿಪ್ಪುವನ್ನು ಹೀರೋ ಮಾಡೋಕೆ ಹೊರಟಿರಾ?

ಗುಂಪಿನ ಅಡ್ಮಿನ್:
ಟಿಪ್ಪು ವಿಷಯ ಇಲ್ಲಿ ಬೇಡ. ಹೋದ ಸಲ ಏನಾಯ್ತು ಅಂತ ಎಲ್ಲರಿಗೂ ನೆನಪಿದೆ, ಅಲ್ವಾ.

ಸ್ಪ್ರಿಂಗ್‌ಫೀಲ್ಡ್ ಶಾಂತಮ್ಮ:
ನೀವೆಲ್ಲ ಓದು ಓದು ಅಂತೀರಿ. ನನ್ನ ಮಗನಿಗೆ ಈಗ ಮೂವತ್ತೆರಡು. ಒಳ್ಳೆ ಸ್ಕೂಲು, ಒಳ್ಳೆ ಕಾಲೇಜು, ಒಳ್ಳೆ ಕೆಲಸ, ಎಲ್ಲ ಆಯ್ತು. ಅವರಜ್ಜಿ ತಿಪಟೂರಿನಿಂದ ಫೋನ್ ಮಾಡಿದರೆ ನಾನು ಮಧ್ಯೆ ಕೂತು ಅವಳು ಹೇಳಿದ್ದನ್ನು ಇವನಿಗೆ, ಇವನು ಹೇಳಿದ್ದನ್ನು ಅವಳಿಗೆ ಹೇಳಬೇಕು. ತಂಗಿ, ಮಗು ಮನೆಯಲ್ಲೇ ಇರ್ತಾನೆ ಅಂದರೆ ಹಗಲೆಲ್ಲ ಕನ್ನಡ ಮಾತಾಡು. ನನಗೆ ಆಗ ಅಷ್ಟು ಪುರುಸೊತ್ತೇ ಇರಲಿಲ್ಲ.

ಹರ್ನ್‌ಡನ್ ಧಾರವಾಡ:
ಭಾನುವಾರದ ಕನ್ನಡ ಶಾಲೆಗೆ ಹಾಕಿ, ಎಲ್ಲಾ ಸರಿ ಹೋಗುತ್ತೆ.

ರಿಚ್ಮಂಡ್ ರಾಯರು:
ನೋಡಿ, ಭಾನುವಾರ ಮಾತ್ರ ಶಾಲೆ ಬೇಕಂತೆ. ಸೋಮವಾರದಿಂದ ಶುಕ್ರವಾರ ಬೇಡವಂತೆ.

ಆಶ್‌ಬರ್ನ್ ಅಮ್ಮ:
ನೋಟಿಸ್ ಆಗಸ್ಟ್‌ನಲ್ಲೇ ಕೊಟ್ಟಿದ್ದೇವೆ. ಫೇರ್‌ಫ್ಯಾಕ್ಸ್ ಅಕ್ಕ, ತುಂಬಾ ಥ್ಯಾಂಕ್ಸ್. ಶಾಂತಮ್ಮನವರೇ, ನಿಮಗೆ ಫೋನ್ ಮಾಡುತ್ತೇನೆ. ರಾಯರೇ, ಪ್ರಿನ್ಸಿಪಾಲ್ ಹತ್ತಿರ ಜಗಳ ಆಡಿ ಆಡಿ ಸಾಕಾಗಿಯೇ ಬಿಡಿಸಿದ್ದು. ಪಾರ್ಕಿಂಗ್, ಸ್ಟ್ರೋಲರ್ ಬಗ್ಗೆ ಯಾರೂ ಹೇಳಲೇ ಇಲ್ಲ.

ಫೇರ್‌ಫ್ಯಾಕ್ಸ್ ಅಕ್ಕ:
ಪಾರ್ಕಿಂಗ್ ಫ್ರೀ, ಬೇಗ ಹೋಗಿ. ಸ್ಟ್ರೋಲರ್ ತೋಟದಲ್ಲೆಲ್ಲ ಓಡುತ್ತೆ, ಮನೆಯೊಳಗೆ ಮಾತ್ರ ಎತ್ತಿಕೊಳ್ಳಬೇಕು. ಒಂಟಿತನದ ಚಿಂತೆ ಬಿಡಿ, ಕುರಿಗಳ ಹತ್ತಿರ ನಿಂತ ಮಕ್ಕಳಿಗೆ ಪರಿಚಯ ಬೇಕಾಗಲ್ಲ. ನಾನೂ ಆ ದಿನ ಬರ್ತೀನಿ, ನಂಬರ್ ಮೆಸೇಜ್ ಮಾಡಿ. ಚಿತ್ರಾನ್ನ ನನ್ನದು.

ರಿಚ್ಮಂಡ್ ರಾಯರು:
ಹೋಗಿ ಬನ್ನಿ. ಮುಂದಿನ ಆಗಸ್ಟ್‌ನಲ್ಲಿ ಟೆಸ್ಟ್ ಸ್ಕೋರ್ ಇಲ್ಲೇ ಹಾಕಿ, ನೋಡೋಣ.